ತಾಳಿಗೆ ಬಂದ ಹವಳ

ಕರಿಮಣಿ ಸರದಲ್ಲಿ ತಾಳಿಯ ಆಚೀಚೆ ಒಂದೆರಡು ಹವಳ ಇರಲೇಬೇಕು ಎನ್ನುವ ಮನೆಗಳು ನಮ್ಮಲ್ಲಿ ಇಂದಿಗೂ ಇವೆ. ದೃಷ್ಟಿ ತಾಗಬಾರದು, ಮುತ್ತೈದೆತನ ಗಟ್ಟಿಯಾಗಿರಬೇಕು ಎಂಬುದು ಹಿರಿಯರ ಮಾತು. ಇಷ್ಟೊಂದು ನಮ್ಮದಾಗಿಬಿಟ್ಟಿರುವ ಈ ಮಣಿಯ ಹಳೆಯ ತವರು ಮಾತ್ರ ದೂರದ ಮೆಡಿಟರೇನಿಯನ್ ಸಮುದ್ರ.

ರೋಮನ್ನರು ನಮ್ಮ ಮುತ್ತಿಗೆ ಮರುಳಾದಂತೆ ಭಾರತದವರು ಹವಳಕ್ಕೆ ಮರುಳಾಗಿದ್ದಾರೆ ಎಂದು ಮೊದಲನೆಯ ಶತಮಾನದಲ್ಲೇ ರೋಮಿನ ಲೇಖಕ ಪ್ಲಿನಿ ಬರೆದಿದ್ದಾನೆ. ಅದು ಅಪಾಯ ಕಳೆಯುತ್ತದೆಂದು ಇಲ್ಲಿನ ಜೋಯಿಸರು ನಂಬುತ್ತಾರೆ ಎಂದೂ, ತಮ್ಮ ಕಡೆಯೂ ಮಕ್ಕಳ ರಕ್ಷೆಗಾಗಿ ಹವಳ ಕಟ್ಟುವ ರೂಢಿಯಿದೆ ಎಂದೂ ಹೇಳುತ್ತಾನೆ. ಅಂದರೆ ಮಣಿ ಹೊರಟ ಊರಲ್ಲೂ ಬಂದು ತಲುಪಿದ ಊರಲ್ಲೂ ನಂಬಿಕೆ ಒಂದೇ! ಕೌಟಿಲ್ಯನ ಅರ್ಥಶಾಸ್ತ್ರ ಹೆಸರಿಸುವ 'ಆಲಕಂದಕ' ಹವಳ ಅಲೆಕ್ಸಾಂಡ್ರಿಯಾದ್ದು ಎಂಬುದು ವಿದ್ವಾಂಸರ ಊಹೆ.

ಕುಜನಿಗೆ ಹವಳ ಎಂಬ ಲೆಕ್ಕ ಆಮೇಲಿನದು. 6ನೇ ಶತಮಾನದ ವರಾಹಮಿಹಿರ ಬೃಹತ್ಸಂಹಿತೆಯಲ್ಲಿ 22 ರತ್ನಗಳನ್ನು ಹೆಸರಿಸುತ್ತಾನೆ, ಅವುಗಳಲ್ಲಿ ಹವಳವೂ ಇದೆ. ಆದರೆ ವಜ್ರ, ಮುತ್ತು, ಮಾಣಿಕ್ಯ, ಪಚ್ಚೆಗಳನ್ನು ವಿವರಿಸುವ ಆ ಅಧ್ಯಾಯಗಳಲ್ಲಿ ಗ್ರಹಕ್ಕೊಂದು ರತ್ನ ಎಂಬ ಪಟ್ಟಿ ಇಲ್ಲ. ನವಗ್ರಹಕ್ಕೆ ನವರತ್ನ ಹೊಂದಿಸಿದ್ದು ನಂತರದವರು. ಕುಜದೋಷದ ಭಯ ಮದುವೆಗೆ ಅಂಟಿಕೊಂಡಿರುವುದರಿಂದ ಹವಳದ ಬೆಲೆ ಇನ್ನಷ್ಟು ಏರಿತು. ನನ್ನ ಮಟ್ಟಿಗೆ, ಜಾತಕದ ಹವಳಕ್ಕಿಂತ ದೃಷ್ಟಿ ಕಾಯುವ ಹವಳವೇ ಹಿರಿಯದು.

17-18ನೇ ಶತಮಾನದಲ್ಲಿ ಇಟಲಿಯ ಲಿವೋರ್ನೋ ಬಂದರಿನ ಯೆಹೂದಿ ವರ್ತಕರು ಗೋವೆಗೆ ಹವಳ ಕಳಿಸಿ, ಬದಲಿಗೆ ವಜ್ರ ತರಿಸಿಕೊಳ್ಳುತ್ತಿದ್ದರು. ಇವತ್ತಿಗೂ ನೇಪಲ್ಸ್ ಬಳಿಯ ತೊರ್ರೆ ದೆಲ್ ಗ್ರೆಕೊ ಹವಳ ಕೊರೆಯುವವರ ಊರು.

ಹವಳ ಕಲ್ಲಲ್ಲ, ಕಡಲ ಜೀವಿಗಳು ಕಟ್ಟಿದ ಸುಣ್ಣದ ಗೂಡು. ಭೂತಗನ್ನಡಿಯಲ್ಲಿ ನೋಡಿದರೆ ಅಸಲಿ ಮಣಿಯ ಮೈಮೇಲೆ ಕೂದಲೆಳೆಯಂಥ ಗೆರೆಗಳು ಕಾಣುತ್ತವೆ, ಗಾಜಿನ ನಕಲಿಯಲ್ಲಿ ಗುಳ್ಳೆಗಳು. ನಿಂಬೆರಸ ತಾಗಿದರೆ ಅಸಲಿಯ ಹೊಳಪೇ ಹೋಗುತ್ತದೆ, ಬೆವರು ತಾಗಿ ತಾಗಿ ಅದು ಮಂಕಾಗುತ್ತದೆ. ಕೊಂಬೆಯ ದಪ್ಪ ವರ್ಷಕ್ಕೆ ಅರ್ಧ ಮಿಲಿಮೀಟರೂ ಹೆಚ್ಚುವುದಿಲ್ಲ. ಕಡಲೆಕಾಳಿನಷ್ಟು ಮಣಿಗೆ ದಶಕಗಳೇ ಬೇಕು. ಅಷ್ಟರೊಳಗೆ ಬಲೆ ಎಳೆದು ತಳವನ್ನೇ ಬರಿದು ಮಾಡಿದ್ದರಿಂದ, ಹವಳ ಕೀಳುವ ಶಿಲುಬೆಯಾಕಾರದ ಸಾಧನವನ್ನು ಯುರೋಪಿನ ಒಕ್ಕೂಟ 1994ರಲ್ಲಿ ನಿಷೇಧಿಸಬೇಕಾಯಿತು.

ಮದುವೆಗೆ ಹವಳ ಬೇಕೆನ್ನುವವರು ಮೊದಲು ಅಜ್ಜಿಯ ಪೆಟ್ಟಿಗೆ ತೆರೆದು ನೋಡಿ. ಹಳೆಯ ಮಣಿ ಸಿಕ್ಕರೆ ಒಣಬಟ್ಟೆಯಲ್ಲಿ ಒರೆಸಿ, ಹೊಸ ದಾರದಲ್ಲಿ ಪೋಣಿಸಿ ಕೊಡಿ.