ಉಪ್ಪು ಕಟ್ಟಿದ ಊರು, ಲ್ಯೂಬೆಕ್

ಉತ್ತರ ಜರ್ಮನಿಯ ಲ್ಯೂಬೆಕ್ ಸುತ್ತಮುತ್ತ ಕಟ್ಟಡಕ್ಕೆ ಒದಗುವ ಕಲ್ಲಿಲ್ಲ, ಇರುವುದು ಜೇಡಿಮಣ್ಣು. ಊರಿನವರು ಆ ಮಣ್ಣನ್ನೇ ಸುಟ್ಟು ಇಟ್ಟಿಗೆ ಮಾಡಿದರು. ಕೋಟೆಬಾಗಿಲು, ಚರ್ಚು, ಆಸ್ಪತ್ರೆ, ಉಗ್ರಾಣ ಎಲ್ಲವೂ ಎದ್ದದ್ದು ಅದರಿಂದಲೇ. ಅದಕ್ಕೆ ಬೇಕಾದ ಹಣದ ದೊಡ್ಡ ಪಾಲು ಹುಟ್ಟಿದ್ದು ಉಪ್ಪು ಮತ್ತು ಮೀನಿನ ವ್ಯಾಪಾರದಲ್ಲಿ.

ಮಧ್ಯಯುಗದ ಯುರೋಪಿನಲ್ಲಿ ಕ್ರೈಸ್ತರ ಉಪವಾಸದ ದಿನಗಳು ಬಹಳ. ಆ ದಿನಗಳಲ್ಲಿ ಮಾಂಸ ಸಲ್ಲದು, ಮೀನು ಸಲ್ಲುತ್ತದೆ. ಈಗ ಸ್ವೀಡನ್ನಿಗೆ ಸೇರಿದ ಸ್ಕೋನಿಯ ಕಡಲಲ್ಲಿ ಹೆರಿಂಗ್ ಮೀನು ರಾಶಿರಾಶಿಯಾಗಿ ಸಿಗುತ್ತಿತ್ತು, ಆದರೆ ಉಪ್ಪಿಲ್ಲದೆ ಅದು ಉಳಿಯದು. ಉಪ್ಪಿದ್ದದ್ದು ದಕ್ಷಿಣದ ಲ್ಯೂನೆಬುರ್ಗಿನಲ್ಲಿ. ಎರಡರ ನಡುವೆ, ಟ್ರಾವೆ ನದಿಯ ದಂಡೆಯಲ್ಲಿ ಕುಳಿತಿದ್ದ ಲ್ಯೂಬೆಕ್ ವರ್ತಕರು ಈ ಕೊಂಡಿಯನ್ನು ಕೈಗೆ ತೆಗೆದುಕೊಂಡರು. ಉಪ್ಪಿನ ದೋಣಿಗಳಿಗಾಗಿ ತೋಡಿದ ಸ್ಟೆಕ್ನಿಟ್ಸ್ ಕಾಲುವೆ 1398ರಲ್ಲೇ ಸಿದ್ಧವಾಯಿತು. ಬಾಲ್ಟಿಕ್ ಮತ್ತು ಉತ್ತರ ಸಮುದ್ರದ ವರ್ತಕ ನಗರಗಳ ಕೂಟವಾದ ಹನ್ಸಾಕ್ಕೆ ಆಗ ಲ್ಯೂಬೆಕ್ಕೇ ಯಜಮಾನ. ಉಪ್ಪು ತುಂಬಿಡುತ್ತಿದ್ದ ಆರು ಇಟ್ಟಿಗೆ ಉಗ್ರಾಣಗಳು ಇಂದಿಗೂ ನದಿಯ ಪಕ್ಕ ಸಾಲಾಗಿ ನಿಂತಿವೆ.

ಅವುಗಳ ಮಗ್ಗುಲಲ್ಲೇ ಇರುವುದು ಹೋಲ್‌ಸ್ಟೆನ್‌ಟೋರ್ ಕೋಟೆಬಾಗಿಲು. ಶಂಕುವಿನ ಚಾವಣಿ ಹೊತ್ತ ಎರಡು ದುಂಡು ಬುರುಜುಗಳ ಈ ಬಾಗಿಲನ್ನು 1464ರಿಂದ 1478ರವರೆಗೆ ಕಟ್ಟಿದರು. ಹೊರಗಿನ ಗೋಡೆ ಮೂರು ಮೀಟರಿಗೂ ಹೆಚ್ಚು ದಪ್ಪ, ಊರ ಕಡೆಯದು ಒಂದು ಮೀಟರ್ ಕೂಡ ಇಲ್ಲ. ಕೆಳಗಿನದು ಜವುಗು ನೆಲವಾದ್ದರಿಂದ ಕಟ್ಟಡ ಕುಸಿದು ವಾಲಿದೆ. ತೀರ ಕೆಳಸಾಲಿನ ಗುಂಡಿನ ಕಿಂಡಿಗಳು ಈಗ ನೆಲಮಟ್ಟಕ್ಕಿಂತ ಕೆಳಗಿವೆ. ಹತ್ತೊಂಬತ್ತನೇ ಶತಮಾನದಲ್ಲಿ ಇದು ಹಳೆಯ ಹೊರೆ ಎಂದು ಬಹಳ ಮಂದಿಗೆ ಅನಿಸಿತ್ತು. 1863ರಲ್ಲಿ ನಗರಸಭೆ ಇದನ್ನು ಕೆಡವಬಾರದೆಂದು ತೀರ್ಮಾನಿಸಿದ್ದು ಒಂದೇ ಒಂದು ಮತದ ಅಂತರದಿಂದ! ಮುಂದೆ ಇದೇ ಬಾಗಿಲು ಜರ್ಮನಿಯ 50 ಮಾರ್ಕಿನ ನೋಟಿನ ಮೇಲೆ ಬಂತು.

ಊರೊಳಗೆ ನಡೆದರೆ ಸೇಂಟ್ ಮೇರಿ ಚರ್ಚು. ಬಿಷಪ್ಪರ ಕೆಥೀಡ್ರಲ್ಲಿಗಿಂತ ತಮ್ಮದೇ ಎತ್ತರವಿರಲಿ ಎಂದು ವರ್ತಕರು ಹಟಹಿಡಿದು ಕಟ್ಟಿದ್ದು ಇದು. ನಡುಅಂಕಣದ ಕಮಾನು 38 ಮೀಟರಿಗೂ ಮೇಲಿದೆ. ಇಟ್ಟಿಗೆಯ ಕಮಾನುಗಳಲ್ಲಿ ಜಗತ್ತಿನಲ್ಲೇ ಅತಿ ಎತ್ತರದ್ದು. ಹೆಸರಾಂತ ಸಂಗೀತಗಾರ ಬುಕ್ಸ್‌ಟೆಹೂಡೆ ಇಲ್ಲಿ ಆರ್ಗನ್ ನುಡಿಸುತ್ತಿದ್ದ. ಅವನನ್ನು ಕೇಳಲೆಂದು 1705ರಲ್ಲಿ ಇಪ್ಪತ್ತು ವರ್ಷದ ಸಂಗೀತಗಾರ ಬಾಖ್ ಆರ್ನ್‌ಸ್ಟಾಟ್‌ನಿಂದ ಸುಮಾರು 400 ಕಿಲೋಮೀಟರ್ ನಡೆದು ಬಂದ. ನಾಲ್ಕು ವಾರದ ರಜೆ ಪಡೆದವನು ತಿಂಗಳುಗಟ್ಟಲೆ ಇಲ್ಲೇ ಉಳಿದ.

1942ರ ಮಾರ್ಚ್ 28ರ ರಾತ್ರಿ ಬ್ರಿಟಿಷ್ ವಿಮಾನಗಳ ಬಾಂಬಿಗೆ ಹಳೆಯ ಊರಿನ ಸುಮಾರು ಐದನೇ ಒಂದು ಭಾಗ ಸುಟ್ಟುಹೋಯಿತು. ಸೇಂಟ್ ಮೇರಿ ಚರ್ಚು ಹೊತ್ತಿ ಉರಿದಾಗ ದಕ್ಷಿಣ ಗೋಪುರದ ಗಂಟೆಗಳು ಕೆಳಗೆ ಬಿದ್ದು ಒಡೆದವು. ಆಮೇಲೆ ಚರ್ಚನ್ನು ಮತ್ತೆ ಕಟ್ಟಿದರೂ ಆ ಗಂಟೆಗಳನ್ನು ಯಾರೂ ಎತ್ತಲಿಲ್ಲ. ಅಪ್ಪಳಿಸಿದ ನೆಲದಲ್ಲೇ ಅವು ಇಂದಿಗೂ ಇವೆ: ಸೀಳಿದ ಕಂಚು, ಸುತ್ತ ಚೂರುಚೂರಾದ ನೆಲಹಾಸು. ಲ್ಯೂಬೆಕ್ಕಿನಲ್ಲಿ ಒಂದನ್ನೇ ನೋಡಲು ಸಾಧ್ಯವಾದರೆ ಇದನ್ನೇ ನೋಡಬೇಕು. ಯುದ್ಧದ ಬಗ್ಗೆ ಇದಕ್ಕಿಂತ ನೇರವಾಗಿ ಮಾತಾಡುವ ಸ್ಮಾರಕ ಅಪರೂಪ.

ವರ್ತಕರ ದಾನದಿಂದ ನಡೆದ ಪವಿತ್ರಾತ್ಮ ಆಸ್ಪತ್ರೆಯನ್ನೂ ತಪ್ಪಿಸಬಾರದು. 1286ರ ಈ ಕಟ್ಟಡ ಬಡವರ, ಮುದುಕರ ಆಸರೆಯಾಗಿತ್ತು. ಉದ್ದನೆಯ ಹಜಾರದಲ್ಲಿ ಒಂದು ಮಂಚ ಹಿಡಿಯುವಷ್ಟು ಪುಟ್ಟ ಮರದ ಗೂಡುಗಳಿವೆ. 1820ರಲ್ಲಿ ಮಾಡಿಸಿದ ಅವುಗಳಲ್ಲಿ 1970ರವರೆಗೂ ವೃದ್ಧರು ವಾಸವಿದ್ದರು. ಕಾದಂಬರಿಕಾರ ಥಾಮಸ್ ಮನ್ ಹುಟ್ಟಿದ್ದೂ, ರಾಜಕಾರಣಿ ವಿಲ್ಲಿ ಬ್ರಾಂಟ್ ಹುಟ್ಟಿದ್ದೂ ಇದೇ ಊರಿನಲ್ಲಿ. ಮೊದಲಿನವರಿಗೆ ಸಾಹಿತ್ಯದ, ಎರಡನೆಯವರಿಗೆ ಶಾಂತಿಯ ನೊಬೆಲ್ ಸಿಕ್ಕಿತು.

1987ರಿಂದ ಹಳೆಯ ಲ್ಯೂಬೆಕ್ ಯುನೆಸ್ಕೊ ವಿಶ್ವ ಪರಂಪರೆಯ ತಾಣ. ಹ್ಯಾಂಬರ್ಗಿನಿಂದ ರೈಲಿನಲ್ಲಿ ಮುಕ್ಕಾಲು ಗಂಟೆಯ ಹಾದಿ. ಕೆಲಸಕ್ಕೋ ಓದಿಗೋ ಆ ಕಡೆ ಹೋಗುವ ಕನ್ನಡಿಗರು ಒಂದು ಇಡೀ ಹಗಲನ್ನು ಇದಕ್ಕಾಗಿ ಎತ್ತಿಡಿ, ನಡೆದೇ ನೋಡಿ.