ನೀರಿನಡಿಯ 15 ಮೀಟರ್

1988ರ ಸೋಲ್ ಒಲಿಂಪಿಕ್ಸ್. 100 ಮೀಟರ್ ಬ್ಯಾಕ್‌ಸ್ಟ್ರೋಕ್ ಹೀಟ್ಸ್‌ನಲ್ಲಿ ಅಮೆರಿಕದ ಡೇವಿಡ್ ಬರ್ಕಾಫ್ ಗೋಡೆ ಒದ್ದು ಹಿಂದಕ್ಕೆ ಚಿಮ್ಮಿದವರು ಬಹಳ ಹೊತ್ತು ಮೇಲೆ ಬರಲೇ ಇಲ್ಲ. ಎರಡೂ ಕೈಗಳನ್ನು ತಲೆಯಾಚೆ ಚಾಚಿ ಜೋಡಿಸಿ, ಮೈ ಬಳುಕಿಸುತ್ತ ಡಾಲ್ಫಿನ್ ಕಿಕ್ ಹೊಡೆದು 30 ಮೀಟರಿಗೂ ಹೆಚ್ಚು ದೂರ ನೀರಿನಡಿಯಲ್ಲೇ ಸಾಗಿದರು. 54.51 ಸೆಕೆಂಡ್, ವಿಶ್ವದಾಖಲೆ! ಫೈನಲ್‌ನಲ್ಲಿ ಅವರನ್ನು ಹಿಂದಿಕ್ಕಿ ಚಿನ್ನ ಗೆದ್ದ ಜಪಾನಿನ ಡೈಚಿ ಸುಜುಕಿ ಕೂಡ ಬಹುದೂರ ನೀರಿನಡಿಯಲ್ಲೇ ಬಂದಿದ್ದರು.

ಮಕ್ಕಳಿಗೆ ಈಜು ಕಲಿಸುವ ನನಗೆ ಈ ಸ್ಪರ್ಧೆಯ ಮೇಲೆ ವಿಶೇಷ ಪ್ರೀತಿ. ತೋಳಿನ ಬಲ ಆಮೇಲಿನ ಮಾತು, ಮೊದಲು ನೀರಿಗೆ ಎದುರಾಗದಂತೆ ಮೈ ಹಿಡಿಯುವುದನ್ನು ಕಲಿಯಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ನೀರಿನ ಸಾಂದ್ರತೆ ಗಾಳಿಯದಕ್ಕಿಂತ ಸುಮಾರು 800 ಪಟ್ಟು ಹೆಚ್ಚು. ವೇಗ ಎರಡು ಪಟ್ಟಾದರೆ ನೀರು ಒಡ್ಡುವ ತಡೆ ಸುಮಾರು ನಾಲ್ಕು ಪಟ್ಟಾಗುತ್ತದೆ. ಅದೇ ವೇಗದಲ್ಲಿ ಮುಂದುವರಿಯಲು ಪ್ರತಿ ಸೆಕೆಂಡಿಗೆ ವ್ಯಯಿಸಬೇಕಾದ ಶಕ್ತಿ ಎಂಟು ಪಟ್ಟು! ಸ್ನಾಯುಗಳನ್ನು ನಂಬಿಕೊಂಡು ಈ ಲೆಕ್ಕ ಗೆಲ್ಲಲು ಯಾರಿಗೂ ಸಾಧ್ಯವಿಲ್ಲ. ಮೇಲ್ಮೈಯಲ್ಲಿ ಇನ್ನೊಂದು ಖರ್ಚೂ ಉಂಟು. ಈಜುವವರ ತಲೆಯ ಮುಂದೆ ಅಲೆ ಏಳುತ್ತದೆ. ಅದನ್ನು ಎಬ್ಬಿಸಿದ್ದೂ ಅವರದೇ ಶಕ್ತಿ, ಕಳೆದುಕೊಂಡದ್ದೂ ಅವರೇ. ಅರ್ಧ ಮೀಟರಿಗಿಂತ ಕೆಳಗಿಳಿದರೆ ಈ ನಷ್ಟ ಬಹಳ ಇಳಿಯುತ್ತದೆ. ಲೇನ್ ಹಗ್ಗದ ಬಿಲ್ಲೆಗಳು ಇರುವುದೂ ಅಲೆ ಮುರಿಯಲಿಕ್ಕೇ.

ಗೋಡೆ ಒದ್ದಾಗ ಸಿಗುವ ವೇಗ ಯಾವ ಸ್ಟ್ರೋಕ್‌ನಲ್ಲೂ ಸಿಗುವುದಿಲ್ಲ. ಅದನ್ನು ಉಳಿಸಿಕೊಳ್ಳುವ ಭಂಗಿಗೆ ಸ್ಟ್ರೀಮ್‌ಲೈನ್ ಎನ್ನುತ್ತೇವೆ: ಅಂಗೈ ಮೇಲೆ ಅಂಗೈ, ತೋಳುಗಳ ನಡುವೆ ಬಿಗಿಯಾಗಿ ತಲೆ, ಹೊಟ್ಟೆ ಒಳಗೆ, ಕಾಲ್ಬೆರಳು ಚೂಪಾಗಿ. ನನ್ನ ಮಕ್ಕಳಿಗೆ ಇದು ಬೇಸರದ ಪಾಠ, ಅವರಿಗೆ ಕೈ ಬೀಸುವ ಆತುರ. ಅದಕ್ಕೇ ಕಿಕ್ ಇಲ್ಲದೆ ಬರೀ ಜಾರುವ ಪಂದ್ಯ ಇಡುತ್ತೇನೆ. ದಪ್ಪ ತೋಳಿನ ಹುಡುಗನನ್ನು ದಾಟಿ ಸಣಕಲು ಹುಡುಗಿಯೊಬ್ಬಳು ಮುಂದೆ ಹೋದಾಗ ನಾನು ಏನನ್ನೂ ವಿವರಿಸಬೇಕಾಗುವುದಿಲ್ಲ.

ಬರ್ಕಾಫ್ ಹಾದಿಯನ್ನು ಎಲ್ಲರೂ ಹಿಡಿಯುತ್ತಿದ್ದಂತೆ ನಿಯಮ ಬಂತು. ಈಗ ಬ್ಯಾಕ್‌ಸ್ಟ್ರೋಕ್, ಬಟರ್‌ಫ್ಲೈ, ಫ್ರೀಸ್ಟೈಲ್‌ನಲ್ಲಿ ಜಿಗಿತದ ನಂತರವೂ ಪ್ರತಿ ಟರ್ನ್ ನಂತರವೂ 15 ಮೀಟರಿನೊಳಗೆ ತಲೆ ನೀರಿನಿಂದ ಹೊರಬರಲೇಬೇಕು. ಅಂದರೂ 50 ಮೀಟರ್ ಕೊಳದ 100 ಮೀಟರ್ ಸ್ಪರ್ಧೆಯಲ್ಲಿ 30 ಮೀಟರ್ ನೀರಿನಡಿಯಲ್ಲೇ ಕ್ರಮಿಸಬಹುದು. ನಮ್ಮ ಬೆಂಗಳೂರಿನ ಶ್ರೀಹರಿ ನಟರಾಜ್ 2021ರಲ್ಲಿ ರೋಮ್‌ನಲ್ಲಿ 100 ಮೀಟರ್ ಬ್ಯಾಕ್‌ಸ್ಟ್ರೋಕನ್ನು 53.77 ಸೆಕೆಂಡಿನಲ್ಲಿ ಈಜಿ ಟೋಕಿಯೊ ಒಲಿಂಪಿಕ್ಸ್‌ಗೆ ಅರ್ಹರಾದರಲ್ಲ, ಆಗ ನಿಗದಿಯಾಗಿದ್ದ ಸಮಯ 53.85. ಎಂಟು ಶತಾಂಶದ ಅಂತರ! ಇಷ್ಟು ಸಣ್ಣ ಲೆಕ್ಕದಲ್ಲಿ, ಗೋಡೆ ಬಿಟ್ಟ ಗಳಿಗೆಯಲ್ಲಿ ಗಲ್ಲ ಎತ್ತಿದರೂ ದುಬಾರಿ.

ಇದನ್ನು ಓದುವ ತಂದೆ ತಾಯಿಯರಲ್ಲಿ ಒಂದು ವಿನಂತಿ. ನೀರಿನಡಿಯ ಈಜು ನೋಡಿದ ಮಕ್ಕಳು ಉಸಿರು ಬಿಗಿಹಿಡಿಯುವ ಪೈಪೋಟಿಗೆ ಇಳಿಯುತ್ತಾರೆ. ಮುಳುಗುವ ಮುನ್ನ ಜೋರುಜೋರಾಗಿ ಉಸಿರಾಡಿದರೆ ರಕ್ತದ ಇಂಗಾಲದ ಡೈಆಕ್ಸೈಡ್ ಇಳಿದು, ಉಸಿರು ಬೇಕೆಂಬ ಎಚ್ಚರಿಕೆಯೇ ತಡವಾಗುತ್ತದೆ. ಅಷ್ಟರಲ್ಲಿ ಆಮ್ಲಜನಕ ತೀರಿ, ಸದ್ದಿಲ್ಲದೆ ಪ್ರಜ್ಞೆ ತಪ್ಪಬಹುದು. ಒಳ್ಳೆಯ ಈಜುಗಾರರೂ ಹೀಗೆ ಪ್ರಾಣ ಕಳೆದುಕೊಂಡಿದ್ದಾರೆ. ಕೋಚ್ ಕಣ್ಣೆದುರು ಇಲ್ಲದಾಗ ನೀರಿನಡಿಯ ಈಜಿಗೆ ದಯವಿಟ್ಟು ಬಿಡಬೇಡಿ.