ಕ್ರಿಪ್ಟೋ ನವೋದ್ಯಮಗಳಲ್ಲಿ ಬಂಡವಾಳ ವಾಪಸಾತಿಯ ಮಾರ್ಗಗಳು

ಸಾಹಸ ಬಂಡವಾಳ ನಿಧಿಯೊಂದರ ಅವಧಿ ಸಾಮಾನ್ಯವಾಗಿ ಹತ್ತು ವರ್ಷಗಳು. ಅಷ್ಟರೊಳಗೆ ನಿಧಿಯು ತಾನು ಕೊಂಡ ಷೇರುಗಳನ್ನು ನಗದಾಗಿ ಪರಿವರ್ತಿಸಿ, ಹಣ ತೊಡಗಿಸಿದವರಿಗೆ ಹಿಂದಿರುಗಿಸಬೇಕು. ವ್ಯವಹಾರದ ಭಾಷೆಯಲ್ಲಿ ಇದೇ ‘ಎಕ್ಸಿಟ್’, ಅಂದರೆ ನಿರ್ಗಮನ. ಕ್ರಿಪ್ಟೋ ಉದ್ದಿಮೆಗಳಿಗೂ ಈ ನಿಯಮ ತಪ್ಪಿದ್ದಲ್ಲ.

ಮೊದಲನೆಯ ಮಾರ್ಗ ಷೇರುಪೇಟೆ. ಅಮೆರಿಕದ ಕಾಯಿನ್‌ಬೇಸ್ 2021ರ ಏಪ್ರಿಲ್ 14ರಂದು ನ್ಯಾಸ್‌ಡ್ಯಾಕ್‌ನಲ್ಲಿ ನೇರವಾಗಿ ನೋಂದಾಯಿತವಾಯಿತು. ಈ ಕ್ರಮದಲ್ಲಿ ಕಂಪನಿಯು ಹೊಸ ಷೇರು ಹೊರಡಿಸುವುದಿಲ್ಲ; ಹಳೆಯ ಷೇರುದಾರರೇ ಮಾರುತ್ತಾರೆ. ಮೊದಲ ದಿನ 328 ಡಾಲರ್‌ಗೆ ಮುಕ್ತಾಯವಾದ ಷೇರು 2022ರ ಕೊನೆಗೆ 40 ಡಾಲರ್‌ಗಿಂತ ಕೆಳಗಿತ್ತು. 2013ರಲ್ಲಿ ಸ್ಥಾಪಿತವಾದ ಸರ್ಕಲ್ ಕಂಪನಿಯು ಪೇಟೆ ಪ್ರವೇಶಕ್ಕೆ 2021ರಲ್ಲಿ ಮಾಡಿಕೊಂಡ ವಿಲೀನದ ಒಪ್ಪಂದ 2022ರ ಡಿಸೆಂಬರ್‌ನಲ್ಲಿ ಮುರಿದುಬಿತ್ತು. 2025ರ ಜೂನ್‌ನಲ್ಲಿ, 31 ಡಾಲರ್ ಬೆಲೆಗೆ, ಅದು ನ್ಯೂಯಾರ್ಕ್ ಷೇರುಪೇಟೆ ಸೇರಿತು. ನಿಧಿಗಳ ಹತ್ತು ವರ್ಷದ ಲೆಕ್ಕ ಇಲ್ಲಿ ಮೀರಿಹೋಗಿತ್ತು.

ಎರಡನೆಯದು ಬೇರೊಂದು ಕಂಪನಿಗೆ ಮಾರಾಟ. ಪಾವತಿ ಕಂಪನಿಯಾದ ಸ್ಟ್ರೈಪ್ 110 ಕೋಟಿ ಡಾಲರ್‌ಗೆ ಬ್ರಿಡ್ಜ್ ಎಂಬ ಉದ್ದಿಮೆಯನ್ನು ಕೊಂಡು 2025ರ ಫೆಬ್ರವರಿಯಲ್ಲಿ ವ್ಯವಹಾರ ಪೂರ್ಣಗೊಳಿಸಿತು. ಆದರೆ ಪ್ರಕಟಣೆಯೇ ಮಾರಾಟವಲ್ಲ ಎಂಬುದಕ್ಕೆ ನಮ್ಮ ದೇಶದ ವಜೀರ್‌ಎಕ್ಸ್ ನಿದರ್ಶನ. ಅದನ್ನು ಕೊಂಡುಕೊಂಡಿರುವುದಾಗಿ ಬೈನಾನ್ಸ್ 2019ರ ನವೆಂಬರ್‌ನಲ್ಲಿ ಪ್ರಕಟಿಸಿತು. 2022ರ ಆಗಸ್ಟ್‌ನಲ್ಲಿ ಜಾರಿ ನಿರ್ದೇಶನಾಲಯವು ವಜೀರ್‌ಎಕ್ಸ್ ನಡೆಸುವ ಕಂಪನಿಯ ಬ್ಯಾಂಕ್ ಠೇವಣಿ ಸ್ಥಗಿತಗೊಳಿಸಿದೊಡನೆ, ಖರೀದಿ ಎಂದೂ ಪೂರ್ಣಗೊಂಡಿರಲಿಲ್ಲವೆಂದು ಬೈನಾನ್ಸ್ ಹೇಳಿತು. ವಜೀರ್‌ಎಕ್ಸ್ ಸಂಸ್ಥಾಪಕರು ಅದನ್ನು ಅಲ್ಲಗಳೆದರು. ಮೂರು ವರ್ಷ ಕಳೆದರೂ ಒಡೆಯರಾರೆಂಬುದು ಇತ್ಯರ್ಥವಾಗದೆ ಉಳಿದದ್ದು ಲೆಕ್ಕಪರಿಶೋಧನೆಯ ದೃಷ್ಟಿಯಿಂದ ಸಣ್ಣ ಸಂಗತಿಯಲ್ಲ. 2024ರ ಜುಲೈನಲ್ಲಿ ಸುಮಾರು 23 ಕೋಟಿ ಡಾಲರ್ ಮೌಲ್ಯದ ಕ್ರಿಪ್ಟೋ ಕಳುವಾದಾಗ, ಗ್ರಾಹಕರ ಕ್ರಿಪ್ಟೋ ಹಿಂತೆಗೆತ ವರ್ಷಕ್ಕೂ ಹೆಚ್ಚು ಕಾಲ ನಿಂತಿತು. ಹೊಣೆ ಯಾರದೆಂಬ ಪ್ರಶ್ನೆಯಲ್ಲಿ ಈ ಹಳೆಯ ವಿವಾದವೂ ಸೇರಿಕೊಂಡಿತು.

ಮೂರನೆಯದು ಟೋಕನ್. ಷೇರಿನ ಜೊತೆಗೆ ಟೋಕನ್ ಪಡೆಯುವ ಹಕ್ಕನ್ನೂ ಹೂಡಿಕೆದಾರರು ಬರೆಸಿಕೊಳ್ಳುತ್ತಾರೆ. ನಿರ್ಬಂಧದ ಅವಧಿ ಮುಗಿದಂತೆ ಅವು ಕಂತುಕಂತಾಗಿ ಮಾರಾಟಕ್ಕೆ ಒದಗುತ್ತವೆ. ಪೇಟೆಯ ದರದಿಂದ ಅಷ್ಟನ್ನೂ ಗುಣಿಸಿ ಆಸ್ತಿಯೆಂದು ತೋರಿಸುವವರಿದ್ದಾರೆ. ಒಂದು ಮೂಟೆ ಅಡಿಕೆಗೆ ಸಿಕ್ಕ ಧಾರಣೆಯಲ್ಲಿ ಇಡೀ ಗೋದಾಮಿನ ದಾಸ್ತಾನಿಗೆ ಬೆಲೆ ಕಟ್ಟಿದಂತೆ ಇದು. ಎಲ್ಲವನ್ನೂ ಒಮ್ಮೆಗೇ ಮಾರಲು ಹೋದರೆ ಆ ಧಾರಣೆ ಉಳಿಯುವುದಿಲ್ಲ.

ಭಾರತದಲ್ಲಿ ತೆರಿಗೆಯ ವ್ಯತ್ಯಾಸವೂ ದೊಡ್ಡದು. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮದಂತೆ ಟೋಕನ್ ಮಾರಾಟದ ಲಾಭಕ್ಕೆ ಶೇಕಡಾ 30 ತೆರಿಗೆ. ಖರೀದಿ ಬೆಲೆಯ ಹೊರತು ಯಾವ ವೆಚ್ಚವನ್ನೂ ಕಳೆಯುವಂತಿಲ್ಲ, ಒಂದು ಟೋಕನಿನ ನಷ್ಟವನ್ನು ಇನ್ನೊಂದರ ಲಾಭಕ್ಕೆ ಹೊಂದಿಸುವಂತೆಯೂ ಇಲ್ಲ. ನೋಂದಾಯಿತವಲ್ಲದ ಷೇರನ್ನು 24 ತಿಂಗಳಿಗೂ ಹೆಚ್ಚು ಇಟ್ಟು ಮಾರಿದರೆ, 2024ರ ಜುಲೈ 23ರ ನಂತರ, ದರ ಶೇಕಡಾ 12.5. ಸರ್‌ಚಾರ್ಜ್, ಸೆಸ್ ಬೇರೆ. ಆದುದರಿಂದ ಬಂಡವಾಳ ಪಡೆಯುವ ದಿನವೇ, ಕಂಪನಿ ಮಾರಾಟವಾದಲ್ಲಿ ಹೂಡಿಕೆದಾರನಿಗೆ ಸಲ್ಲುವುದು ಷೇರಿನ ಬೆಲೆಯೋ, ಟೋಕನ್ನೋ, ಎರಡೂ ಇದ್ದರೆ ಯಾವುದು ಮೊದಲು ಎಂಬುದನ್ನು ಷೇರುದಾರರ ಒಪ್ಪಂದದಲ್ಲಿ ಸ್ಪಷ್ಟವಾಗಿ ನಮೂದಿಸಿಕೊಳ್ಳತಕ್ಕದ್ದು.